ನೂರ ತೊಂಬತ್ತೆಂಟು ಚುಕ್ಕೆಗಳು

ಹಳೆಯ ಸಿನಿಮಾಗಳನ್ನು ಜೋಪಾನ ಮಾಡುವ ಆ ಕಚೇರಿಯಲ್ಲಿ ಅವಳನ್ನು ಎಲ್ಲರೂ ಭೂತಗನ್ನಡಿ ಎಂದೇ ಕರೆಯುತ್ತಿದ್ದರು. ಬೆನ್ನ ಹಿಂದೆ ಅಲ್ಲ, ಎದುರಿಗೇ. ಅವಳೂ ಓಗೊಡುತ್ತಿದ್ದಳು. ಬೀಗ ಹಾಕಿದ ಮೇಲೆ ಮೂರು ಸಲ ಜಗ್ಗಿ ನೋಡುವವಳು, ಪತ್ರ ಬರೆದು ಅಂಟಿಸಿದ ಮೇಲೆ ಒಳಗೆ ಒಂದು ಅಕ್ಷರ ತಪ್ಪಿರಬಹುದೆಂದು ಮತ್ತೆ ಹರಿದು ಓದುವವಳು. ಅಂಥವಳಿಗೆ ಹೇಳಿ ಮಾಡಿಸಿದಂಥ ಕೆಲಸ ಸಿಕ್ಕಿತ್ತು. ನೂರು ವರ್ಷದ ಹಿಂದಿನ ರೀಲನ್ನು ಕಂಪ್ಯೂಟರಿಗೆ ಏರಿಸಿ, ಒಂದೊಂದೇ ಫ್ರೇಮನ್ನು ನಿಲ್ಲಿಸಿಕೊಂಡು, ಅದರ ಮೇಲಿನ ಧೂಳು, ಗೀರು, ಬೂಷ್ಟಿನ ಚುಕ್ಕೆಗಳನ್ನು ಒರೆಸುವ ಕೆಲಸ. ಸಿನಿಮಾದ ಒಂದು ಸೆಕೆಂಡಿಗೆ ಹದಿನೆಂಟು ಫ್ರೇಮು. ಎಂಟು ತಿಂಗಳಿನಿಂದ ಅವಳು ಒಂದೇ ಸಿನಿಮಾ ಒರೆಸುತ್ತಿದ್ದಳು. ಅದು ಕುದುರೆ, ಕೋವಿ, ಅಗಲ ಟೋಪಿಗಳ ಕಪ್ಪುಬಿಳುಪು ಕೌಬಾಯ್ ಚಿತ್ರ. ಮಾತಿಲ್ಲದ ಮೂಕಿ.

ಅವತ್ತು ಸಂಜೆ ಆರಕ್ಕೆ ಅದರ ಪ್ರದರ್ಶನ. ಕೆಳಗಿನ ಸಭಾಂಗಣದಲ್ಲಿ ಇನ್ನೂರು ಕುರ್ಚಿ. ಸಿನಿಮಾ ಶುರುವಾಗುವ ಮೊದಲು ಪರದೆಯ ಮೇಲೆ, ಚಿತ್ರವನ್ನು ಶುದ್ಧಗೊಳಿಸಿದವರು ಎಂದು ಅವಳೊಬ್ಬಳದೇ ಹೆಸರು. ಹನ್ನೊಂದು ವರ್ಷದ ನೌಕರಿಯಲ್ಲಿ ಇದೇ ಮೊದಲು. ಆ ಹೆಸರಿನ ಕಾಗುಣಿತವನ್ನು ಅವಳು ಏಳು ಸಲ ಪರೀಕ್ಷಿಸಿದ್ದಳು.

ಬೆಳಿಗ್ಗೆ, ಎಂಟೇ ಕುರ್ಚಿಗಳಿದ್ದ ಪುಟ್ಟ ಕೋಣೆಯಲ್ಲಿ ಕೊನೆಯ ಸಲ ಓಡಿಸಿ ನೋಡುವುದೆಂದು ನಿಶ್ಚಯವಾಗಿತ್ತು. ಮೂಕಿ ಓಡುವಾಗ ಜೊತೆಗೆ ಸಂಗೀತ ನುಡಿಸಬೇಕಾದ ಅಕ್ಕನ ಗಂಡ ಪಿಯಾನೋದ ಮುಂದೆ ಕೂತಿದ್ದ. ಹೋಟೆಲುಗಳ ಪಡಸಾಲೆಯಲ್ಲಿ ಊಟ ಮಾಡುವವರಿಗಾಗಿ ನುಡಿಸಿ ನುಡಿಸಿ, ಯಾರಾದರೂ ತನ್ನ ಕಡೆ ತಿರುಗಿ ನೋಡಿದರೆ ಗಾಬರಿಯಾಗುವ ಸ್ವಭಾವ ಅವನದು. ಅವನ ಜೊತೆ ಅವಳ ಚಿಕ್ಕಮ್ಮನೂ ಬಂದಿದ್ದಳು. ಮೂವತ್ತೊಂದು ವರ್ಷ ರೈಲ್ವೆ ಗೇಟು ಕಾದು ನಿವೃತ್ತಳಾದವಳು. ಕತ್ತಲೆಯಲ್ಲೂ ಸುಮ್ಮನಿರುವುದು ಅವಳಿಗೆ ಬಾರದ ವಿದ್ಯೆ.

"ಏನೇ ಇದು, ಇಷ್ಟು ಹೊಡೆದಾಡ್ತಾರೆ, ಒಬ್ಬನ ಟೋಪಿನೂ ಬೀಳಲ್ವಲ್ಲ. ಅಂಟು ಹಾಕಿದಾರಾ?"

"ಚಿಕ್ಕಮ್ಮ, ಸುಮ್ಮನೆ ನೋಡು."

ಪರದೆಯ ಮೇಲೆ ದರೋಡೆಕೋರರ ನಾಯಕ ಮೀಸೆ ಕುಣಿಸುತ್ತ ಅರ್ಧ ನಿಮಿಷ ಮಾತಾಡಿದ. ಆಮೇಲೆ ಅಕ್ಷರಗಳು ಬಂದವು: 'ನಿಲ್ಲು'.

"ಅಷ್ಟು ಹೊತ್ತು ಬಾಯಿ ಬಡ್ಕೊಂಡು ಒಂದೇ ಮಾತಾ?" ಎಂದಳು ಚಿಕ್ಕಮ್ಮ. "ಉಳಿದಿದ್ದೆಲ್ಲ ಬೈಗುಳ ಇರಬೇಕು. ಬರೆದಿಲ್ಲ ಪಾಪ, ಮರ್ಯಾದಸ್ಥರು."

ಪಿಯಾನೋದ ಮುಂದೆ ಭಾವನಿಗೆ ನಗು ತಡೆಯಲಾಗದೆ ಎರಡು ಸ್ವರ ತಪ್ಪಿತು. ಅವಳೂ ನಕ್ಕಳು. ಎಂಟು ತಿಂಗಳಲ್ಲಿ ಈ ಸಿನಿಮಾ ನೋಡಿ ಯಾರಾದರೂ ನಕ್ಕಿದ್ದು ಇದೇ ಮೊದಲು. ಎದೆಯೊಳಗೆ ಯಾರೋ ಗಾಳಿಪಟ ಬಿಟ್ಟಂತಾಯಿತು.

ಕಥೆ ಸಲೀಸಾದದ್ದು. ಮರಳುಗಾಡಿನ ಅಂಚಿನಲ್ಲಿ ಒಂಟಿ ರೈಲು ನಿಲ್ದಾಣ. ಅಲ್ಲಿ ತಂತಿ ಕಳಿಸುವ ಕೆಲಸದ ಒಬ್ಬ ಹುಡುಗಿ. ಬಂಗಾರದ ಪೆಟ್ಟಿಗೆಗಾಗಿ ದರೋಡೆಕೋರರು ಬರುತ್ತಾರೆ. ಅವಳು ನೆರವು ಬೇಡಿ ತಂತಿ ಕಳಿಸುತ್ತಿರುವಾಗಲೇ ಕಂಬ ಕಡಿಯುತ್ತಾರೆ. ಸುದ್ದಿ ಮುಟ್ಟಿತೋ ಇಲ್ಲವೋ ಗೊತ್ತಿಲ್ಲ. ಹುಡುಗಿ ಅಗುಳಿ ಹಾಕಿ ಹಿಂಬದಿಯ ಕಿಟಕಿಯಿಂದ ನೋಡುತ್ತಾಳೆ. ಬಿಳಿ ಆಕಾಶ, ಬಿಳಿ ಮರಳು. ಮತ್ತೆ ಅವಳ ಮುಖ. ಮತ್ತೆ ಖಾಲಿ ಮರಳು. ಈಗ ಅವಳು ನಗುತ್ತಾಳೆ, ಅಳುತ್ತಾಳೆ, ಕಿಟಕಿಯ ಚೌಕಟ್ಟಿಗೆ ಮುತ್ತಿಡುತ್ತಾಳೆ. ಇನ್ನೊಮ್ಮೆ ಖಾಲಿ ಮರಳು. ಆಮೇಲೆ ಇದ್ದಕ್ಕಿದ್ದಂತೆ ಹೆಬ್ಬೆರಳಿನಷ್ಟು ದೊಡ್ಡ ಸವಾರನೊಬ್ಬ ಕುದುರೆ ಓಡಿಸುತ್ತ ಬರುತ್ತಾನೆ.

"ಇವನೆಲ್ಲಿಂದ ಬಂದ?" ಎಂದಳು ಚಿಕ್ಕಮ್ಮ.

"ಮರಳುಗಾಡಿನಿಂದ."

"ಮರಳುಗಾಡನ್ನ ನಾನು ನೋಡ್ತಾನೇ ಇದ್ದೆ ಕಣೇ. ಯಾರೂ ಇರಲಿಲ್ಲ. ಮೇಲಿಂದ ಉದುರಿದ್ನಾ?"

"ಹಳೇ ಸಿನಿಮಾ ಅಲ್ವಾ ಚಿಕ್ಕಮ್ಮ, ಹಾಗೇ ಇರುತ್ತೆ."

"ಮತ್ತೆ ಆ ಹುಡುಗಿ ಏನು ನೋಡಿ ನಗ್ತಾಳೆ?"

"ಭಯಕ್ಕೆ ತಲೆ ಕೆಟ್ಟಿರುತ್ತೆ. ನಮ್ಮ ಸಾರ್ ಅದರ ಮೇಲೆ ದೊಡ್ಡ ಲೇಖನಾನೇ ಬರೆದಿದಾರೆ."

"ತಲೆ ಕೆಟ್ಟವರು ಹಾಗೆ ನಗಲ್ಲ," ಎಂದಳು ಚಿಕ್ಕಮ್ಮ, ತಣ್ಣಗೆ. "ಗೇಟಲ್ಲಿ ಎಷ್ಟು ಜನಾನ ನೋಡಿದೀನಿ. ಗಂಡನೋ ಮಗಳೋ ಬರೋ ರೈಲಿಗೆ ಕಾಯ್ತಾ ನಿಂತಿರ್ತಾರೆ. ದೂರದಲ್ಲಿ ಒಂದು ಬೊಟ್ಟು ಕಂಡ ಕೂಡಲೇ ಮುಖ ಹೀಗೇ ಆಗುತ್ತೆ. ಅವಳಿಗೆ ಏನೋ ಕಾಣ್ತಿದೆ."

ಅವಳ ಎದೆಯೊಳಗಿನ ಗಾಳಿಪಟದ ದಾರ ತುಂಡಾಯಿತು.

ಅವಳ ಕೆಲಸದಲ್ಲಿ ಮೊದಲ ಸುತ್ತು ಯಂತ್ರದ್ದು. ಒಂದು ಫ್ರೇಮಿನಲ್ಲಿದ್ದು ಮುಂದಿನದರಲ್ಲಿ ಇಲ್ಲದ ಚುಕ್ಕೆಯನ್ನು ಅದು ಧೂಳೆಂದು ತೆಗೆಯುತ್ತದೆ. ಎಲ್ಲ ಫ್ರೇಮಿನಲ್ಲೂ ಇರುವುದನ್ನು ಮುಟ್ಟುವುದಿಲ್ಲ. ಹಾಗೆ ಉಳಿಯುವ ಉದ್ದನೆಯ ಗೀರುಗಳನ್ನು ಅವಳು ಕೈಯಾರೆ ತೆಗೆಯಬೇಕು. ಆ ಮರಳುಗಾಡಿನ ಫ್ರೇಮುಗಳಲ್ಲಿ ಗೀರುಗಳ ಜೊತೆ ಸಾಸಿವೆಗಿಂತ ಚಿಕ್ಕದಾದ ಒಂದು ಕಪ್ಪು ಚುಕ್ಕೆಯೂ ಇತ್ತು. ಯಂತ್ರ ಅದನ್ನು ಸೋಂಬೇರಿಯಂತೆ ಹಾಗೇ ಬಿಟ್ಟಿದೆಯೆಂದು ಅವಳಿಗೆ ಸಿಟ್ಟು ಬಂದಿತ್ತು. ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕೂತು ಒರೆಸಿದ್ದಳು, ಒಂದು ಫ್ರೇಮಿನಲ್ಲೂ ಬಿಡದಂತೆ. ತಿಂಗಳ ವರದಿಯಲ್ಲಿ ಬರೆದೂ ಇದ್ದಳು: 'ಯಂತ್ರದ ಕಣ್ಣು ತಪ್ಪಿಸಿದ ನೂರ ತೊಂಬತ್ತೆಂಟು ಚುಕ್ಕೆಗಳನ್ನು ಕೈಯಿಂದ ತೆಗೆಯಲಾಗಿದೆ.' ಮುಖ್ಯಸ್ಥರು ಅದನ್ನು ಸಭೆಯಲ್ಲಿ ಗಟ್ಟಿಯಾಗಿ ಓದಿದ್ದರು. ಎಲ್ಲರೂ ಚಪ್ಪಾಳೆ ತಟ್ಟಿದ್ದರು.

ತನ್ನ ಮೇಜಿಗೆ ಹೋಗಿ, ಒರೆಸುವ ಮೊದಲಿನ ಪ್ರತಿಯನ್ನು ತೆರೆದಳು. ಚಿಕ್ಕಮ್ಮ ಹಿಂದೆಯೇ ಬಂದು ನಿಂತಳು. ಪರದೆ ತುಂಬ ಕೊಳೆ. ಯಾವುದು ಧೂಳು, ಯಾವುದು ಏನು, ಒಂದೂ ತಿಳಿಯದು.

"ಯಾಕೆ ನಿಲ್ಲಿಸಿದೀಯ? ಓಡಿಸು," ಎಂದಳು ಚಿಕ್ಕಮ್ಮ.

ಓಡಿಸಿದಳು. ಧೂಳು ಮಿಣಿಮಿಣಿ ಕುಣಿದು ಮಾಯವಾಗುತ್ತಿತ್ತು. ಆ ಕುಣಿತದ ನಡುವೆ ಒಂದೇ ಒಂದು ಚುಕ್ಕೆ ಅಲುಗದೆ, ಹೆದರದೆ, ಇದ್ದಲ್ಲೇ ಇದ್ದು ಮೆಲ್ಲಗೆ ಕೊಬ್ಬುತ್ತಿತ್ತು.

"ಅಗೋ, ಬರ್ತಿದಾನೆ ಮಾರಾಯ," ಎಂದಳು ಚಿಕ್ಕಮ್ಮ.

ಎಂಟು ತಿಂಗಳು ನಿಲ್ಲಿಸಿ ನಿಲ್ಲಿಸಿ ನೋಡಿದವಳಿಗೆ ಈ ಹನ್ನೊಂದು ಸೆಕೆಂಡನ್ನು ಕೊಳೆಯ ಸಮೇತ ಓಡಿಸಿ ನೋಡಬೇಕೆಂದು ಒಮ್ಮೆಯೂ ಹೊಳೆದಿರಲಿಲ್ಲ. ಕಥೆಯ ನಾಯಕನನ್ನೇ ಒರೆಸಿ ಹಾಕಿದ್ದಳು. ಅದೂ ನೂರ ತೊಂಬತ್ತೆಂಟು ಸಲ.

ಹಿಂದಿನಿಂದ ವಿಚಿತ್ರವಾದ ಸದ್ದು ಬಂತು. ತಿರುಗಿ ನೋಡಿದರೆ ಭಾವ ಬಾಯಿಗೆ ಕರವಸ್ತ್ರ ತುರುಕಿಕೊಂಡು ಗೋಡೆಗೆ ಒರಗಿ ನಗುತ್ತಿದ್ದ. "ಖಾಲಿ ಮರಳುಗಾಡಿಗೆ ಅಂತ ಎಂಥ ದುಃಖದ ಸಂಗೀತ ಕಟ್ಟಿದೀನಿ ಗೊತ್ತಾ," ಎಂದ. "ಎರಡು ವಾರ ತಗೊಂಡೆ. ನುಡಿಸಿ ನಾನೇ ಅತ್ತಿದೀನಿ."

"ಭಾವ, ದಯವಿಟ್ಟು ನಗಬೇಡಿ," ಎನ್ನುತ್ತಲೇ ಅವಳಿಗೂ ನಗು ಒತ್ತರಿಸಿ ಬಂತು. ಹೆದರಿಕೆಯ ನಗು. ಸಂಜೆ ಇನ್ನೂರು ಜನ ಕೂತು, ಆಕಾಶದಿಂದ ಉದುರುವ ಸವಾರನನ್ನೂ ಬಯಲು ನೋಡಿ ನಗುವ ಹುಚ್ಚಿಯನ್ನೂ ನೋಡುತ್ತಾರೆ. ಅದಕ್ಕೆ ಮೊದಲು ತನ್ನ ಹೆಸರು, ಕಾಗುಣಿತ ಸರಿಯಾಗಿರುವ ಹೆಸರು.

"ಯಾರಿಗೂ ಗೊತ್ತಾಗಲ್ಲ ಬಿಡು," ಎಂದ ಭಾವ, ಸಮಾಧಾನಕ್ಕೆ.

"ನನಗೆ ಗೊತ್ತಾಯ್ತಲ್ಲ," ಎಂದಳು ಚಿಕ್ಕಮ್ಮ.

ಅದೇ ಮಾತನ್ನು ಅವಳೂ ಮನಸ್ಸಿನಲ್ಲಿ ಅಂದುಕೊಂಡಿದ್ದಳು. ಮುಚ್ಚಿಟ್ಟರೆ ಇನ್ನು ಜೀವಮಾನವಿಡೀ ಬೀಗ ಜಗ್ಗಿದಂತೆ ಈ ಹನ್ನೊಂದು ಸೆಕೆಂಡನ್ನು ಜಗ್ಗುತ್ತ ಮಲಗಬೇಕು. ಎದ್ದು ಮುಖ್ಯಸ್ಥರ ಕೋಣೆಗೆ ಹೋದಳು.

ಮುಖ್ಯಸ್ಥರು ಮುಂಚೆ ಕಾಲೇಜಿನಲ್ಲಿ ಪಾಠ ಹೇಳುತ್ತಿದ್ದವರು. ಮೇಜಿನ ಮೇಲೆ ಆಗಷ್ಟೇ ಅಚ್ಚಾಗಿ ಬಂದ ಕರಪತ್ರಗಳ ಕಟ್ಟಿತ್ತು. ಎರಡನೇ ಪುಟದಲ್ಲಿ ಅವರ ಲೇಖನ: 'ಶೂನ್ಯವನ್ನು ನೋಡಿ ನಕ್ಕವಳು'. ಒಬ್ಬ ಹೆಣ್ಣಿನ ಒಳಗಿನ ಬಿರುಕನ್ನು ಖಾಲಿ ಮರಳಿನ ಮೂಲಕ ತೋರಿಸಿದ ನಿರ್ದೇಶಕ ತನ್ನ ಕಾಲಕ್ಕಿಂತ ಐವತ್ತು ವರ್ಷ ಮುಂದಿದ್ದನೆಂದು ಅದರ ಸಾರ.

ಅವಳು ನಿಂತೇ ಎಲ್ಲವನ್ನೂ ಹೇಳಿದಳು. ಒಂದು ಮಾತನ್ನೂ ಹಾರಿಸಲಿಲ್ಲ.

ಮುಖ್ಯಸ್ಥರು ಕರಪತ್ರವನ್ನು ಎರಡನೇ ಪುಟಕ್ಕೆ ತಿರುಗಿಸಿದರು. "ಹಾಗಾದ್ರೆ ಅವಳಿಗೆ ಹುಚ್ಚು ಹಿಡಿದಿಲ್ವಾ?"

"ಇಲ್ಲ ಸಾರ್. ಸಹಾಯಕ್ಕೆ ಬರ್ತಿರೋನು ಕಂಡ, ಅದಕ್ಕೆ ನಗ್ತಾಳೆ."

"ಅಷ್ಟೇನಾ?"

"ಅಷ್ಟೇ ಸಾರ್."

"ಹುಚ್ಚಿದ್ದಾಗ ಎಷ್ಟು ಚೆನ್ನಾಗಿತ್ತು," ಎಂದು ಮುಖ್ಯಸ್ಥರು ನಿಟ್ಟುಸಿರು ಬಿಟ್ಟರು. ಆಮೇಲೆ ದನಿ ತಗ್ಗಿಸಿ, "ನೋಡಮ್ಮ, ಕರಪತ್ರ ಅಚ್ಚಾಗಿದೆ. ಭಾಷಣ ಸಿದ್ಧವಾಗಿದೆ. ಇವತ್ತು ಹೀಗೇ ಹೋಗಲಿ. ಮುಂದಿನ ವಾರ ಸದ್ದಿಲ್ಲದೆ ಅವನನ್ನ ವಾಪಸ್ ಕೂರಿಸಿಬಿಡಿ. ಯಾರು ಕೇಳ್ತಾರೆ?"

ಅವಳಿಗೆ ಅಧಿಕಾರಿಗಳ ಮುಂದೆ ಇಲ್ಲ ಎಂದು ಹೇಳಿ ಅಭ್ಯಾಸವಿರಲಿಲ್ಲ. "ಅವಳನ್ನ ಹುಚ್ಚಿ ಮಾಡಿದ್ದು ನಾನು ಸಾರ್. ಇನ್ನೂರು ಜನರ ಮುಂದೆ ಹಾಗೆ ಬಿಡೋಕೆ ನನ್ನ ಕೈಲಿ ಆಗಲ್ಲ. ಹಾಗೇ ತೋರಿಸೋದಾದ್ರೆ ನನ್ನ ಹೆಸರು ತೆಗೆದುಬಿಡಿ."

ಮುಖ್ಯಸ್ಥರು ಗಡಿಯಾರ ನೋಡಿದರು. ಹನ್ನೆರಡೂಕಾಲು. "ಸಭಾಂಗಣದ ಯಂತ್ರಕ್ಕೆ ಹೊಂದೋ ಪ್ರತಿ ತಯಾರಾಗೋಕೆ ಒಂದೂವರೆ ಗಂಟೆ ಬೇಕು. ನಾಲ್ಕಕ್ಕೆ ಕೊಟ್ರೆ ಹೊಸದು. ನಾಲ್ಕೂ ಐದಕ್ಕೆ ಕೊಟ್ರೆ ಹುಚ್ಚಿ."

ಕೆಲಸವನ್ನು ಮತ್ತೆ ಯಂತ್ರದ ಕೈಗೆ ಕೊಟ್ಟರೆ ಇಡೀ ದಿನ ಹಿಡಿಯುತ್ತಿತ್ತು, ಅಲ್ಲದೆ ಸವಾರನ ಜೊತೆ ಗೀರುಗಳೆಲ್ಲ ವಾಪಸ್ಸಾಗಿ, ಒಣ ಮರಳುಗಾಡಿನಲ್ಲಿ ಜಡಿಮಳೆ ಸುರಿದಂತೆ ಕಾಣುತ್ತಿತ್ತು. ಹಾಗಾಗಿ ಹಳೆಯ ಪ್ರತಿಯ ಒಂದೊಂದು ಫ್ರೇಮಿನಿಂದ ಆ ಒಂದು ಚುಕ್ಕೆಯನ್ನಷ್ಟೇ ಎತ್ತಿ ತಂದು ಶುದ್ಧ ಪ್ರತಿಯಲ್ಲಿ ಅದೇ ಜಾಗಕ್ಕೆ ಕೂರಿಸಬೇಕು. ಫ್ರೇಮಿಗೊಂದು ನಿಮಿಷವೆಂದರೂ ಮೂರು ಗಂಟೆ ಹದಿನೆಂಟು ನಿಮಿಷ.

ಚುಕ್ಕೆ ಒಂದಿಷ್ಟಾದರೂ ಎದ್ದು ಕಾಣುತ್ತಿದ್ದ ಕೊನೆಯ ಫ್ರೇಮುಗಳಿಂದ ಹಿಂದಕ್ಕೆ ಶುರುಮಾಡಿದಳು. ಮೊದಮೊದಲು ಸಲೀಸು. ಹಿಂದೆ ಹಿಂದೆ ಹೋದಂತೆ ಸವಾರ ಗಸಗಸೆಯಾದ, ಸೂಜಿಮೊನೆಯಾದ, ಕೊನೆಗೆ ಧೂಳಿನ ಗುಂಪಿನಲ್ಲಿ ಸೇರಿಹೋದ.

"ಇದರಲ್ಲಿ ಇವನು ಯಾರು?" ಎಂದಳು, ಅಳುವ ದನಿಯಲ್ಲಿ. ಫ್ರೇಮಿನಲ್ಲಿ ಒಂದೇ ಗಾತ್ರದ ಒಂಬತ್ತು ಚುಕ್ಕೆಗಳಿದ್ದವು.

"ಓಡಿಸು."

ಓಡಿಸಿದಳು. ಚಿಕ್ಕಮ್ಮ ಕರಪತ್ರದ ಮೂಲೆಯಿಂದ ಚೂರು ಕಾಗದ ಹರಿದು, ನಾಲಗೆಗೆ ಒತ್ತಿ, ಪರದೆಯ ಗಾಜಿಗೆ ಪಟ್ಟನೆ ಅಂಟಿಸಿದಳು. "ಇದರ ಪಕ್ಕ ಇರೋನೇ ಅವನು."

ಆ ಗಾಜಿನ ಮೇಲೆ ಹನ್ನೊಂದು ವರ್ಷದಲ್ಲಿ ಯಾರೂ ಬೆರಳಿಟ್ಟಿರಲಿಲ್ಲ. ಇಡಲು ಅವಳು ಬಿಟ್ಟಿರಲಿಲ್ಲ. "ಚಿಕ್ಕಮ್ಮ, ಎಂಜಲು..."

"ಎಂಜಲು ನೋಡ್ತೀಯೋ ಗಂಟೆ ನೋಡ್ತೀಯೋ?"

ಗಂಟೆ ಎರಡಾಗಿತ್ತು. ಅವಳು ಎಂಜಲು ಮರೆತಳು.

"ಮೂವತ್ತೊಂದು ವರ್ಷ ಇದೇ ಕೆಲಸ ನನ್ನದು," ಎಂದಳು ಚಿಕ್ಕಮ್ಮ, ಇನ್ನೊಂದು ಚೂರು ಅಂಟಿಸುತ್ತ. "ಕಂಬಿ ತುದೀಲಿ ಏನೋ ಕಂಡ್ರೆ ಮೊದಲು ಸುಮ್ಮನೆ ನೋಡಬೇಕು. ಆಚೆಗೋ ಈಚೆಗೋ ಸರಿದ್ರೆ ದನವೋ ಹಕ್ಕಿಯೋ ಇರುತ್ತೆ. ನಿಂತಲ್ಲೇ ನಿಂತು ದಪ್ಪ ಆಯ್ತು ಅಂದ್ರೆ ಅದು ನಮ್ಮ ಕಡೆಗೇ ಬರ್ತಿದೆ. ಆಗ ಗೇಟು ಹಾಕಬೇಕು."

ಭಾವ ಬನ್ನು, ಚಹಾ ತಂದು ಮೇಜಿನಿಂದ ಮೂರು ಅಡಿ ದೂರದಲ್ಲಿಟ್ಟ. ಅವಳ ನಿಯಮಗಳಲ್ಲಿ ಅದೊಂದು ಇನ್ನೂ ಉಳಿದಿತ್ತು. ಆಮೇಲೆ ಪಕ್ಕದ ಖಾಲಿ ಮೇಜಿನ ಮೇಲೆ ಬೆರಳುಗಳಿಂದ ಕುದುರೆ ಓಡಿಸತೊಡಗಿದ. ದುಃಖದ ಸಂಗೀತ ರದ್ದಾಗಿತ್ತು. ಎರಡು ವಾರದ ಕೆಲಸವನ್ನು ಸಂಜೆ ಆರರೊಳಗೆ ಹೊಸದಾಗಿ ಕಟ್ಟಬೇಕಿತ್ತು.

"ಅದು ಕುದುರೆನಾ, ಇಲಿನಾ?" ಎಂದಳು ಚಿಕ್ಕಮ್ಮ.

"ದೂರ ಇದೆಯಲ್ಲ ಅತ್ತೆ, ಅದಕ್ಕೇ ಮೆತ್ತಗೆ."

"ದೂರ ಇದ್ರೆ ಸದ್ದೇ ಕೇಳಲ್ಲಪ್ಪ. ಮೊದಲು ಕಣ್ಣಿಗೆ ಕಾಣುತ್ತೆ. ಕಿವಿಗೆ ಆಮೇಲೆ."

ಭಾವ ಬೆರಳು ಎತ್ತಿಹಿಡಿದು ಯೋಚಿಸಿದ. "ಅಂದ್ರೆ ನಾನು ಏನೂ ನುಡಿಸದೆ ಸುಮ್ಮನೆ ಕೂತಿರಬೇಕು?"

"ಕೂತಿರು. ಜನ ನಿನ್ನನ್ನೇ ನೋಡ್ತಾರೆ, ಹೆದರಬೇಡ."

ಮೂರಕ್ಕೆ ನೂರ ಐವತ್ತು ಫ್ರೇಮು ಮುಗಿದಿತ್ತು. ಮೂರೂವರೆಗೆ ನೂರ ಎಂಬತ್ತು. ಬೆರಳು ಮರಗಟ್ಟಿತ್ತು, ಕಣ್ಣು ಉರಿಯುತ್ತಿತ್ತು. ಆದರೂ ಯಾಕೋ ಅವಳಿಗೆ ಹಬ್ಬದ ಹಿಂದಿನ ದಿನದ ಮಕ್ಕಳಂತೆ ಕಾಲು ನೆಲದ ಮೇಲೆ ನಿಲ್ಲುತ್ತಿರಲಿಲ್ಲ. ಗಾಜಿನ ಮೇಲೆ ಕಾಗದದ ಚೂರುಗಳು ಸಾಲಾಗಿ ಒಣಗಿ ಮುದುರಿದ್ದವು. ಹತ್ತಿರದಿಂದ ನೋಡಿದರೆ ಒಂದರ ಮೇಲೆ 'ಶೂನ್ಯ' ಎಂದಿತ್ತು, ಇನ್ನೊಂದರ ಮೇಲೆ 'ಬಿರು'. ಪ್ರತಿಯೊಂದು ಚುಕ್ಕೆಯನ್ನು ಕೂರಿಸುವಾಗಲೂ ಅವಳು ಒಳಗೊಳಗೇ, ಬಾರಪ್ಪ, ಬಂದು ಕೂತ್ಕೋ ಎನ್ನುತ್ತಿದ್ದಳು. ಯಾವಾಗಲೋ ಒಮ್ಮೆ ಅದು ಬಾಯಿಂದಲೇ ಬಂದುಬಿಟ್ಟಿತು. ಚಿಕ್ಕಮ್ಮನೂ ಭಾವನೂ ಕೇಳಿಯೂ ಕೇಳದವರಂತೆ ಇದ್ದರು.

ನಾಲ್ಕಕ್ಕೆ ಮೂರು ನಿಮಿಷವಿರುವಾಗ ಮುಖ್ಯಸ್ಥರು ಬಾಗಿಲಲ್ಲಿ ನಿಂತರು. "ಆಯ್ತಾ?"

"ಆಯ್ತು ಸಾರ್. ನೋಡ್ತೀರಾ?"

"ಬೇಡ. ಈಗ ನೋಡಿದ್ರೆ ಬೇಜಾರಾಗುತ್ತೆ. ಭಾಷಣ ಏನು ಮಾಡಲಿ ಅದು ಹೇಳಿ."

"ಚಿಕ್ಕದು ಮಾಡಿ," ಎಂದಳು ಚಿಕ್ಕಮ್ಮ.

ಮುಖ್ಯಸ್ಥರು ಚಿಕ್ಕಮ್ಮನ ಮಾತು ಕೇಳಿದರು. ಸಂಜೆ ತುಂಬಿದ ಸಭಾಂಗಣದಲ್ಲಿ ಎದ್ದು ನಿಂತು, ಎಲ್ಲರಿಗೂ ಸ್ವಾಗತ ಹೇಳಿ, "ಕರಪತ್ರದ ಎರಡನೇ ಪುಟವನ್ನು ದಯವಿಟ್ಟು ಯಾರೂ ಓದಬೇಡಿ," ಎಂದಷ್ಟೇ ಹೇಳಿ ಕೂತರು. ಇನ್ನೂರು ಕರಪತ್ರಗಳು ಒಟ್ಟಿಗೆ ಸರಕ್ಕೆಂದು ಎರಡನೇ ಪುಟಕ್ಕೆ ತಿರುಗಿದವು.

ದೀಪ ಆರಿತು. ಅವಳ ಹೆಸರು ಬಂದು ಹೋಯಿತು. ಭಾವ ಪಿಯಾನೋದ ಮೇಲೆ ಬಿದ್ದ ಬೆಳಕಿನಲ್ಲಿ ಹೆದರಿದ ಮೊಲದಂತೆ ಕಾಣುತ್ತಿದ್ದ, ಆದರೆ ಬೆರಳು ಹೆದರಿರಲಿಲ್ಲ. ಅವಳು ಗೋಡೆಯ ಬದಿಯ ಕುರ್ಚಿಯಲ್ಲಿ ಓರೆಯಾಗಿ ಕೂತಿದ್ದಳು. ಪರದೆ ನೋಡುವ ಧೈರ್ಯವಿರಲಿಲ್ಲ, ಜನರ ಮುಖ ನೋಡುತ್ತಿದ್ದಳು. ದರೋಡೆಕೋರನ ಮೀಸೆಗೆ ನಗು ಬಂತು. 'ನಿಲ್ಲು' ಎಂಬ ಅಕ್ಷರಕ್ಕೆ ಇನ್ನೂ ಜೋರು ನಗು. ಅಲ್ಲಲ್ಲಿ ಮೊಬೈಲಿನ ನೀಲಿ ಬೆಳಕು ಗಲ್ಲಗಳ ಮೇಲೆ ಬಿದ್ದಿತ್ತು. ಅವಳು ಆ ಬೆಳಕುಗಳನ್ನು ಎಣಿಸಿದಳು: ಹದಿನಾಲ್ಕು.

ತಂತಿಯ ಕಂಬ ಬಿತ್ತು. ಹುಡುಗಿ ಅಗುಳಿ ಹಾಕಿದಳು. ಕಿಟಕಿ. ಬಿಳಿ ಆಕಾಶ, ಬಿಳಿ ಮರಳು. ಭಾವ ಕೈ ಎತ್ತಿಬಿಟ್ಟ. ಸಭಾಂಗಣ ಗಪ್ಪೆಂದಿತು.

ಅವಳ ಮುಂದಿನ ಸಾಲಿನಲ್ಲಿ ಕೂತಿದ್ದ ದಪ್ಪ ಗಂಡಸೊಬ್ಬರು ಹೆಂಡತಿಯ ಕಡೆ ವಾಲಿದರು. "ಎಂಟು ತಿಂಗಳು ಶುದ್ಧ ಮಾಡಿದ್ರಂತೆ. ನೋಡು, ಅಲ್ಲಿ ಧೂಳು ಹಾಗೇ ಇದೆ."

ಅವಳಿಗೆ ಎದ್ದು ಓಡೋಣವೆನ್ನಿಸಿತು. ಚಿಕ್ಕಮ್ಮ ಅವಳ ಮಣಿಕಟ್ಟನ್ನು ಗೇಟಿನ ಸರಪಳಿ ಹಿಡಿದಂತೆ ಹಿಡಿದಳು.

ಪರದೆಯ ಮೇಲೆ ಹುಡುಗಿಯ ಮುಖ. ಮತ್ತೆ ಮರಳು.

"ಧೂಳಲ್ಲ ರೀ," ಎಂದರು ಆ ಹೆಂಗಸು, ಮೆಲ್ಲಗೆ. "ದೊಡ್ಡದಾಗ್ತಿದೆ."

ಆ ಮಾತು ಆ ಸಾಲಿನುದ್ದಕ್ಕೂ ಹರಿಯಿತು. ಕುತ್ತಿಗೆಗಳು ಮುಂದಕ್ಕೆ ಚಾಚಿದವು. ಹಿಂದಿನ ಸಾಲಿನಲ್ಲಿ ಯಾರೋ, "ಎಲ್ಲಿ, ಎಲ್ಲಿ," ಎಂದರು. "ನಡುವೆ ನೋಡೋ, ಆಕಾಶ ನೆಲಕ್ಕೆ ತಾಗೋ ಕಡೆ." ನೀಲಿ ಬೆಳಕು ಒಂಬತ್ತಾಯಿತು, ನಾಲ್ಕಾಯಿತು, ಇಲ್ಲವಾಯಿತು. ಅವಳು ಮುಖದಿಂದ ಮುಖಕ್ಕೆ ನೋಡುತ್ತ ಹೋದಳು. ಕಣ್ಣುಗಳು ಒಂದೊಂದಾಗಿ ಅಗಲವಾಗುತ್ತಿದ್ದವು, ಬೀದಿಯ ದೀಪಗಳು ಹೊತ್ತಿಕೊಂಡು ಹೋಗುವಂತೆ. ಪರದೆಯ ಹುಡುಗಿ ನಕ್ಕಾಗ ಅವಳ ಜೊತೆಗೇ ಇಡೀ ಸಭಾಂಗಣ ನಕ್ಕಿತು. ಮೀಸೆ ನೋಡಿ ನಕ್ಕ ನಗೆಯಲ್ಲ ಅದು. ಹುಡುಗಿ ಕಿಟಕಿಯ ಚೌಕಟ್ಟಿಗೆ ಮುತ್ತಿಟ್ಟಾಗ ಯಾರೋ ಸಿಳ್ಳೆ ಹಾಕಿದರು.

ಭಾವ ಒಂದೇ ಬೆರಳು ಇಳಿಸಿದ. ಟಕ. ಟಕ. ಟಕಟಕ.

"ಬಂದ," ಎಂದರು ಆ ದಪ್ಪ ಗಂಡಸರು, ಎದ್ದು ನಿಂತು. ಅವರ ಹಿಂದಿನವರೂ ಎದ್ದರು, ಕಾಣುವುದಿಲ್ಲವೆಂದು. ಪಿಯಾನೋದಲ್ಲಿ ಕುದುರೆ ನಾಲ್ಕು ಕಾಲಿನಲ್ಲಿ ಓಡುತ್ತಿತ್ತು, ಇನ್ನೂರು ಜನ ನಿಂತು ನೆಲ ಕುಟ್ಟುತ್ತಿದ್ದರು. ಅವಳಿಗೆ ನಗು ಬಂತು, ನಿಲ್ಲಲಿಲ್ಲ. ಹೊಟ್ಟೆ ಹಿಡಿದುಕೊಂಡು, ಕಣ್ಣೀರು ಒರೆಸಿಕೊಳ್ಳುತ್ತ, ಕೊನೆಗೂ ಪರದೆಯ ಕಡೆ ತಿರುಗಿದಳು. ಸವಾರ ಎಷ್ಟು ವೇಗವಾಗಿ ಬರುತ್ತಿದ್ದನೆಂದರೆ, ಅವನ ಸುತ್ತ ಏನಾದರೂ ಒರೆಸುವುದಿದೆಯೇ ಎಂದು ನೋಡಲು ಅವಳಿಗೆ ಪುರುಸೊತ್ತೇ ಆಗಲಿಲ್ಲ.

ಪಕ್ಕದಲ್ಲಿ ಮುಖ್ಯಸ್ಥರು ಕನ್ನಡಕ ತೆಗೆದು ಕರಪತ್ರದಿಂದಲೇ ಒರೆಸಿಕೊಳ್ಳುತ್ತಿದ್ದರು. "ಇಂಥವಳನ್ನ ಹುಚ್ಚಿ ಅಂತ ಬರೆದುಬಿಟ್ಟೆನಲ್ಲ," ಎಂದರು, ಯಾರಿಗೂ ಅಲ್ಲದಂತೆ. ಆಮೇಲೆ ಪರದೆಯ ಮೇಲೆ ಅಗುಳಿ ತೆಗೆಯುತ್ತಿದ್ದ ಹುಡುಗಿಯ ಕಡೆ ನೋಡಿ, ತಲೆ ತಗ್ಗಿಸಿ, "ತಪ್ಪಾಯ್ತಮ್ಮ," ಎಂದರು.

"ಅವಳಿಗೆ ಈಗ ಪುರುಸೊತ್ತಿಲ್ಲ," ಎಂದಳು ಚಿಕ್ಕಮ್ಮ. "ಸುಮ್ಮನೆ ನೋಡಿ ಸಾರ್."